ಒಂದೇ ಬಣ್ಣ, ಮೂರು ಹೂವು

ಲೋಕದಲ್ಲಿ ನಾವು ಹೆಸರು ಹಿಡಿದು ಗುರುತಿಸುವ ಜೀವಗಳಿಗಿಂತ ಗುಂಪಾಗಿ ಕಂಡು ಮರೆತುಬಿಡುವ ಜೀವಗಳೇ ಹೆಚ್ಚು. ಹುಲ್ಲು ಎನ್ನುತ್ತೇವೆ, ಕಳೆ ಎನ್ನುತ್ತೇವೆ, ಕಾಡುಹೂವು ಎನ್ನುತ್ತೇವೆ. ಅಲ್ಲಿಗೆ ನಮ್ಮ ಪರಿಚಯ ಮುಗಿಯುತ್ತದೆ. ಆ ಪರಿಚಯವು ಎಷ್ಟು ಅಪೂರ್ಣವೆಂಬುದನ್ನು ನನಗೆ ತಿಳಿಸಿದುದು ಇಂಗ್ಲೆಂಡಿನ ಒಂದು ಹುಲ್ಲುಗಾವಲು.

ಲೆಸ್ಟರ್‌ಶೈರಿನಲ್ಲಿ ನೆಲೆಸಿರುವ ಮಗಳ ಮನೆಯಲ್ಲಿ ನಾನು ಒಂದು ಬೇಸಗೆಯನ್ನು ಕಳೆದೆನು. ಮೇ ತಿಂಗಳಲ್ಲಿ ಊರಂಚಿನ ಹುಲ್ಲುಗಾವಲು ಬಟರ್‌ಕಪ್ ಹೂವುಗಳಿಂದ ಹಳದಿಯಾಗುತ್ತದೆ. ಹೂವಿಗೆ ಸಾಮಾನ್ಯವಾಗಿ ಐದು ದಳ. ದಳಕ್ಕೆ ತುಪ್ಪ ಸವರಿದಂತಹ ಹೊಳಪು. ಇವು ಒಂದೇ ಜಾತಿಯವಲ್ಲ. ಮೆಡೋ, ಕ್ರೀಪಿಂಗ್, ಬಲ್ಬಸ್ ಎಂಬ ಮೂರು ಜಾತಿಗಳೆಂದು ಮೊಮ್ಮಗಳು ತನ್ನ ಪುಸ್ತಕವನ್ನು ತೋರಿಸಿದಳು. ಬಲ್ಬಸ್ ಜಾತಿಗೆ ಕಾಂಡದ ಬುಡದಲ್ಲಿ ಗೆಡ್ಡೆಯಿರುತ್ತದೆಂದು ಓದಿ, “ಅಜ್ಜಾ, ಒಂದನ್ನು ಕಿತ್ತು ನೋಡೋಣವೇ?” ಎಂದು ಕೇಳಿದಳು. ಗೆಡ್ಡೆ ಕಿತ್ತರೆ ಗಿಡದ ಬಾಳೇ ಮುಗಿಯುವುದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳೂ ಅರಿತ ಮಾತು. “ಕೀಳದೆ ತಿಳಿಯುವ ದಾರಿಯಿದೆಯೇ, ಮೊದಲು ನೋಡೋಣ ಮಗೂ” ಎಂದೆನು. ದಾರಿಯು ಅದೇ ಪುಸ್ತಕದಲ್ಲಿತ್ತು.

ಹೂವಿನ ತೊಟ್ಟನ್ನು ಎರಡು ಬೆರಳುಗಳ ನಡುವೆ ಮೆಲ್ಲನೆ ಹಿಡಿದು ನೋಡಬೇಕು. ಗೀರುಗಳಿಲ್ಲದೆ ದುಂಡಗಿದ್ದರೆ ಅದು ಮೆಡೋ. ಉದ್ದಕ್ಕೂ ಗೀರುಗಳಿದ್ದರೆ ಉಳಿದೆರಡರಲ್ಲಿ ಒಂದು. ಆಗ ದಳಗಳ ಕೆಳಗಿರುವ ಪುಷ್ಪಪತ್ರಗಳನ್ನು ಗಮನಿಸಬೇಕು. ಅವು ತೊಟ್ಟಿನ ಕಡೆಗೆ ಪೂರ್ತಿ ಕೆಳಕ್ಕೆ ಮಡಿಚಿಕೊಂಡಿದ್ದರೆ ಬಲ್ಬಸ್. ಮಡಿಚದೆ ದಳಗಳ ಕೆಳಗೆ ಹರಡಿಕೊಂಡಿದ್ದರೆ ಕ್ರೀಪಿಂಗ್. ಕ್ರೀಪಿಂಗ್ ಜಾತಿಯು ನಮ್ಮ ಒಂದೆಲಗದಂತೆ ನೆಲದ ಮೇಲೆ ಹಂಬುಗಳನ್ನು ಚಾಚಿ ಗೆಣ್ಣುಗೆಣ್ಣಿನಲ್ಲೂ ಬೇರೂರುತ್ತದೆ. ಮೆಡೋ ಮೂರರಲ್ಲಿಯೂ ಎತ್ತರವಾದುದು; ಒಂದು ಮೀಟರಿನವರೆಗೂ ಬೆಳೆಯಬಲ್ಲದು. ತೊಟ್ಟೊಂದನ್ನೇ ನಂಬಿದರೆ ಕ್ರೀಪಿಂಗ್ ಮತ್ತು ಬಲ್ಬಸ್ ಒಂದೇ ಆಗಿಬಿಡುತ್ತವೆ. ಪುಷ್ಪಪತ್ರವನ್ನೊಂದೇ ನಂಬಿದರೆ ಕ್ರೀಪಿಂಗ್ ಮತ್ತು ಮೆಡೋ ಒಂದೇ ಆಗಿಬಿಡುತ್ತವೆ. ಎರಡನ್ನೂ ಕೂಡಿಸಿ ನೋಡಿದಾಗಲೇ ನಿಜವು ತಿಳಿಯುವುದು.

ಪರೀಕ್ಷಿಸುವಾಗ ಗಿಡವನ್ನು ಜಜ್ಜಬಾರದು. ಇವುಗಳ ರಸವು ಚರ್ಮದಲ್ಲಿ ಬೊಕ್ಕೆಯೆಬ್ಬಿಸಬಲ್ಲದು. ದನಗಳು ಹಸಿ ಗಿಡವನ್ನು ತಿನ್ನದೆ ಬಿಡುವುದು ಈ ಖಾರದಿಂದಲೇ. ಒಣಹುಲ್ಲಿನೊಡನೆ ಒಣಗಿದಾಗ ಆ ವಿಷವು ಅಡಗುತ್ತದೆ.

ಬೆಳೆಯುವ ನೆಲೆಯೂ ಒಂದು ಲಕ್ಷಣವೇ. ಮಧ್ಯ ಇಂಗ್ಲೆಂಡಿನ ಕೆಲವು ಹುಲ್ಲುಗಾವಲುಗಳು ಅಲೆಯಂತೆ ಏರಿಳಿದಿವೆ. ಮಧ್ಯಯುಗದ ರೈತರು ಎತ್ತುಗಳನ್ನು ಕಟ್ಟಿ ಉತ್ತುದರಿಂದ ಉಂಟಾದ ದಿಣ್ಣೆ ಮತ್ತು ತಗ್ಗುಗಳವು. ನೀರು ಬೇಗ ಇಳಿಯುವ ದಿಣ್ಣೆಯ ಮೇಲೆ ಬಲ್ಬಸ್, ತೇವವುಳಿಯುವ ತಗ್ಗಿನಲ್ಲಿ ಕ್ರೀಪಿಂಗ್, ನಡುವಣ ಇಳಿಜಾರಿನಲ್ಲಿ ಮೆಡೋ ಹೆಚ್ಚಾಗಿರುವುದನ್ನು ಹಾರ್ಪರ್ ಮತ್ತು ಸಾಗರ್ ಎಂಬ ವಿಜ್ಞಾನಿಗಳು 1953ರಲ್ಲಿ ವಿವರಿಸಿದರು. ನಾವು ಅಜ್ಜ ಮೊಮ್ಮಗಳು ಊರಂಚಿನಲ್ಲಿ ಕಂಡುದೂ ಆ ಕ್ರಮವನ್ನೇ. ಕೆಲವೇ ಹೆಜ್ಜೆಗಳ ಅಂತರದಲ್ಲಿ ಮೂರು ಜೀವಗಳು ತಮತಮಗೆ ಒಗ್ಗುವ ನೆಲವನ್ನು ಹಂಚಿಕೊಂಡು ಬಾಳುತ್ತಿದ್ದವು.

ಇಷ್ಟನ್ನು ತಿಳಿದು ಆಗಬೇಕಾದುದೇನು ಎಂದು ಯಾರಾದರೂ ಕೇಳಬಹುದು. ದಿಣ್ಣೆಗಳನ್ನು ಸಮಮಾಡಿ, ಗೊಬ್ಬರ ಚೆಲ್ಲಿ, ಹೊಸ ಹುಲ್ಲನ್ನು ಬಿತ್ತಿದರೆ ಬಲ್ಬಸ್ ಜಾತಿಯು ನೆಲೆ ತಪ್ಪುತ್ತದೆ. ಕಲಕಿದ ನೆಲದಲ್ಲಿ ಬೇಗ ಹಬ್ಬುವ ಕ್ರೀಪಿಂಗ್ ಮರಳಿ ಬರುತ್ತದೆ. ಹುಲ್ಲುಗಾವಲು ಆಗಲೂ ಹಳದಿಯಾಗಿಯೇ ಕಾಣಬಹುದು. ಹಳದಿಯನ್ನಷ್ಟೇ ಬಲ್ಲವನು ಏನೂ ಹೋಗಿಲ್ಲವೆಂದು ತಿಳಿಯುತ್ತಾನೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ತಗ್ಗುನಾಡಿನ ಹಳೆಯ ಹೂಹುಲ್ಲುಗಾವಲುಗಳಲ್ಲಿ ಸುಮಾರು ಶೇಕಡಾ 97 ಭಾಗವು 1930ರ ದಶಕದಿಂದ 1984ರೊಳಗೆ ಇಲ್ಲವಾಯಿತು. ಅಷ್ಟು ದೊಡ್ಡ ನಷ್ಟವು ಒಂದೊಂದು ಹುಲ್ಲುಗಾವಲಾಗಿ, ಒಂದೊಂದು ಜಾತಿಯಾಗಿ, ಬಹುಜನರ ಕಣ್ಣಿಗೆ ಬೀಳದೆಯೇ ನಡೆದುಹೋಯಿತು.

ಇರುವಾಗ ಗುರುತಿಸದ ಜೀವವು ಹೋದಾಗ ನಮಗೆ ನೆನಪಾಗುವುದಿಲ್ಲ. ಆದುದರಿಂದ ದಯೆಗೆ ಮೊದಲು ಪರಿಚಯವು ಬೇಕು; ಆ ಪರಿಚಯಕ್ಕೆ ಕೀಳುವ ಕೈಗಿಂತ ಬಾಗಿ ನೋಡುವ ತಾಳ್ಮೆಯು ಹೆಚ್ಚಿನ ಸಾಧನ.