ಬೋಳು ಗಿಡದ ಚೆಲುವು

ಚೈತ್ರದ ಚಿಗುರನ್ನು ಹೊಗಳಿದವರು ಬಹಳ. ಪುಷ್ಯದ ಬೋಳು ಗಿಡವನ್ನು ತಿರುಗಿ ನೋಡಿದವರು ಕಡಿಮೆ. ನನಗೋ, ಬನದ ಹುಣ್ಣಿಮೆ ಹತ್ತಿರವಾಯಿತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ನಸುಕಿನಲ್ಲೇ ಬಾದಾಮಿಯ ಗುಡ್ಡದ ದಾರಿ ಹಿಡಿಯುವ ಚಟ.

ಆಗ ಬೂರಲದ ಗಿಡ ಎಲೆಯೆಲ್ಲ ಉದುರಿಸಿ ನಿಂತಿರುತ್ತದೆ. ಉಳಿದ ದಿನ ಅದರ ಬೆನ್ನಿಗೆ ಕೆಂಪು ಬಂಡೆ. ಕೊಂಬೆ ಯಾವುದು, ಬಿರುಕು ಯಾವುದು ತಿಳಿಯದು. ಕಾವಳ ಕವಿದ ದಿನ ಬಂಡೆ ಮಾಯ. ಕಾಂಡದ ಸುತ್ತ ಅಡ್ಡಡ್ಡ ಚಾಚಿದ ಕೊಂಬೆಗಳು ಮಾತ್ರ ಉಳಿಯುತ್ತವೆ. ಕ್ಯಾಮೆರಾದ ಬೆಳಕಿನ ಲೆಕ್ಕವನ್ನು ಅಲ್ಲಿ ನಂಬಬಾರದು. ಅದು ಬಿಳಿಯ ಕಾವಳವನ್ನೂ ಬೂದುಬಣ್ಣವೆಂದೇ ಎಣಿಸುತ್ತದೆ. ಒಂದು ಸ್ಟಾಪ್ ಬೆಳಕು ಹೆಚ್ಚಿಗೆ ಕೊಡಬೇಕು. ಹೊತ್ತು ಒಂದು ಮಾರು ಏರಿದರೆ ಆಟ ಮುಗಿಯಿತು.

ಬಾಗಲಕೋಟೆಯ ಕಡೆಗೂ ಹೋಗುತ್ತೇನೆ. ಅಲ್ಲಿ ಆಲಮಟ್ಟಿಯ ಹಿನ್ನೀರಿನಲ್ಲಿ, ಪುಷ್ಯದಲ್ಲಿ ಹಸಿರಾಗಿರಬೇಕಾದ ಬೇವು, ಜಾಲಿಗಳೂ ಬೋಳಾಗಿ ನಿಂತಿವೆ. ಹಳೆಯ ಊರಿನ ಓಣಿಗಳ ಜೊತೆ ಮುಳುಗಿದ ಗಿಡಗಳವು. ಚಿತ್ರ ನೋಡಿದವರು ಅದನ್ನೂ ಇದನ್ನೂ ಒಂದೇ ಸಮ ಚೆಂದವೆನ್ನುತ್ತಾರೆ. ಶಿವರಾತ್ರಿಯ ಹೊತ್ತಿಗೆ ಬೂರಲ ಕೆಂಪಗೆ ಹೂ ಬಿಡುತ್ತದೆ. ನೀರಲ್ಲಿ ನಿಂತದ್ದು ಬಿಡುವುದಿಲ್ಲ. ಅದಕ್ಕೇ ನಾನು ಪ್ರತಿ ಚಿತ್ರದ ಬೆನ್ನಿಗೆ ಊರು, ತಿಂಗಳು, ಗಿಡದ ಹೆಸರು ಬರೆದಿಡುತ್ತೇನೆ. ನಿದ್ದೆಗೂ ಸಾವಿಗೂ ಇರುವ ಭೇದ ಹೇಳಲು ಕ್ಯಾಮೆರಾಕ್ಕೆ ಬರುವುದಿಲ್ಲ.