ಬೀರುವಿನೊಳಗಿನ ಕಣ್ಣುಗಳು

ನಿಮ್ಮ ಮನೆಯ ಅಟ್ಟದಲ್ಲೋ ಬೀರುವಿನ ಮೂಲೆಯಲ್ಲೋ ಒಂದು ಹಳೆಯ ಕ್ಯಾಮೆರಾ ಇರಬಹುದು. ರೀಲು ಸುಲಭವಾಗಿ ಸಿಗದು, ತೊಳೆದುಕೊಡುವವರಿಲ್ಲ ಎಂದು ಅದನ್ನು ಮರೆತಿರುತ್ತೀರಿ. ಅಂಥ ಕ್ಯಾಮೆರಾಗಳ ಲೆನ್ಸುಗಳನ್ನು ಕುರಿತು, ಅವುಗಳ ನಡುವೆ ನಾನು ಮಾಡಿದ ಒಂದು ತಪ್ಪನ್ನು ಕುರಿತು ಈ ತಿಂಗಳು ನಿಮ್ಮೊಡನೆ ಮಾತನಾಡಬೇಕೆನಿಸಿದೆ.

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ ಮೈಸೂರು–ಮಡಿಕೇರಿ ಹೆದ್ದಾರಿಯ ಮೇಲಿದೆ. ಕಾವೇರಿ ಸೇತುವೆ ದಾಟಿದರೆ ಕೊಡಗಿನ ಕುಶಾಲನಗರ. ಸಮೀಪದ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿಯನ್ ನಿರಾಶ್ರಿತರು ನೆಲೆಸಿದ್ದಾರೆ. ಅಲ್ಲಿನ ಸುವರ್ಣ ದೇಗುಲವನ್ನು ನೋಡಲು ಬರುವ ಪ್ರವಾಸಿಗರ ಕೊರಳಲ್ಲಿ ಲಕ್ಷ ರೂಪಾಯಿಯ ಕ್ಯಾಮೆರಾಗಳು ತೂಗುತ್ತಿರುತ್ತವೆ. ಆ ರಸ್ತೆಯ ಬದಿಯಲ್ಲೇ ಹಿರಿಯರೊಬ್ಬರ ಸಣ್ಣ ಸ್ಟುಡಿಯೋ ಇತ್ತು. ಸುತ್ತಲಿನ ಹಳ್ಳಿಗಳ ಮದುವೆ, ನಾಮಕರಣ, ಶಾಲಾ ಪರೀಕ್ಷೆಯ ಅರ್ಜಿ ಎಲ್ಲಕ್ಕೂ ಅವರದೇ ಫೋಟೋ. ಮೊಬೈಲುಗಳು ಬಂದ ಮೇಲೆ ವ್ಯಾಪಾರ ಇಳಿಯಿತು. ಅಂಗಡಿ ಮುಚ್ಚುವ ದಿನ ಅವರು ನನ್ನನ್ನು ಕರೆದು ಚರ್ಮದ ಡಬ್ಬಿಯೊಂದನ್ನು ಕೈಗಿತ್ತರು. “ಫಾದರ್, ಇದಕ್ಕೆ ಈಗ ಬೆಲೆಯಿಲ್ಲ. ಆದರೆ ಕಣ್ಣು ಚೆನ್ನಾಗಿದೆ. ಬಳಸಿ” ಎಂದರು.

ಅದು ಹೀಲಿಯೋಸ್ 44-2. ಜರ್ಮನಿಯ ಕಾರ್ಲ್ ಝೈಸ್ ಸಂಸ್ಥೆಯ ಬಯೋಟಾರ್ ಲೆನ್ಸಿನ ರಚನೆಯನ್ನು ಅನುಸರಿಸಿ ಸೋವಿಯತ್ ಕಾರ್ಖಾನೆಗಳು ಝೆನಿತ್ ಕ್ಯಾಮೆರಾಗಳಿಗಾಗಿ ತಯಾರಿಸಿದ 58 ಮಿಲಿಮೀಟರಿನ ಲೆನ್ಸು. ಹಿಂಬದಿಯಲ್ಲಿ 42 ಮಿಲಿಮೀಟರ್ ವ್ಯಾಸದ ತಿರುಪು. ಇಂತಹ ಲೆನ್ಸು ಫಿಲಂನಿಂದ ಸುಮಾರು 45.5 ಮಿಲಿಮೀಟರ್ ದೂರದಲ್ಲಿರಬೇಕು. ಕನ್ನಡಿಯಿಲ್ಲದ ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಆ ಅಂತರ 20 ಮಿಲಿಮೀಟರಿನಷ್ಟೇ ಅಥವಾ ಇನ್ನೂ ಕಡಿಮೆ. ಉಳಿದ ಅಂತರವನ್ನು ಗಾಜಿಲ್ಲದ ಒಂದು ಲೋಹದ ಬಳೆ ತುಂಬಿಕೊಡುತ್ತದೆ. ಆ ಬಳೆ ಹಾಕಿದೊಡನೆ ಅರ್ಧ ಶತಮಾನದ ಹಿಂದಿನ ಕಣ್ಣು ಮತ್ತೆ ನೋಡತೊಡಗುತ್ತದೆ!

ಆ ಬೆರಗು ನನ್ನನ್ನು ಬಿಡಲಿಲ್ಲ. ಬೆಂಗಳೂರಿಗೆ ಹೋದಾಗಲೆಲ್ಲ ಎಸ್.ಜೆ.ಪಿ. ರಸ್ತೆಯ ಸಂಡೇ ಬಜಾರಿನಲ್ಲಿ ಸುತ್ತಿದೆ. ಗುಜರಿ ರಾಶಿಯಲ್ಲಿ ಐನೂರಕ್ಕೊಂದು, ಸಾವಿರಕ್ಕೊಂದು ಸಿಕ್ಕವು. ಜಪಾನಿನ ಹಳೆಯ ಟಾಕುಮಾರ್ ಒಂದು ಚಹಾದ ಬಣ್ಣಕ್ಕೆ ತಿರುಗಿತ್ತು. ಅಂಥ ಕೆಲವು ಲೆನ್ಸುಗಳ ಗಾಜಿನಲ್ಲಿ ಥೋರಿಯಂ ಇದೆ. ಅದರ ವಿಕಿರಣದಿಂದ ಗಾಜು ವರ್ಷಗಳಲ್ಲಿ ಹಳದಿಯಾಗುತ್ತದೆ. ಕೆಲವು ದಿನ ಬಿಸಿಲಿಗಿಟ್ಟರೆ ನೇರಳಾತೀತ ಕಿರಣಗಳಿಂದ ಆ ಬಣ್ಣ ಬಹುಮಟ್ಟಿಗೆ ಇಳಿಯುತ್ತದೆ. ಕಿಟಕಿಯಲ್ಲಿಟ್ಟು ದಿನವೂ ನೋಡಿ ಸಂತೋಷಪಟ್ಟೆ. ಮೂರು ವರ್ಷಗಳಲ್ಲಿ ಹನ್ನೊಂದು ಲೆನ್ಸುಗಳಾದವು. ದುಬಾರಿ ವಸ್ತುವಾಗಿದ್ದರೆ ಮನಸ್ಸು ಎಚ್ಚರಿಸುತ್ತಿತ್ತು. ಅಗ್ಗವಾದದ್ದರಿಂದ ಅದು ಆಸೆ ಎಂದು ನನಗೆ ಅನಿಸಲೇ ಇಲ್ಲ.

ಒಂದು ಸಂಜೆ ಆ ಹಿರಿಯರು ಬಂದು ಕುಳಿತರು. “ಊರಿನವರೆಲ್ಲರ ಫೋಟೋ ತೆಗೆದೆ ಫಾದರ್, ನನ್ನದೇ ಒಂದು ಸರಿಯಾದದ್ದಿಲ್ಲ. ಆ ಲೆನ್ಸಿನಲ್ಲೇ ಒಂದು ತೆಗೆದುಕೊಡಿ” ಎಂದರು. ಮಳೆಗಾಲದ ಮಬ್ಬು ಬೆಳಕು. “ಮಳೆ ಮುಗಿಯಲಿ, ಒಳ್ಳೆಯ ಬೆಳಕಿನಲ್ಲಿ ತೆಗೆಯೋಣ” ಎಂದೆ. ನಿಜ ಹೇಳುವುದಾದರೆ, ಅಂದು ನನ್ನ ಗಮನ ಆ ವಾರ ಬರಬೇಕಿದ್ದ ಇನ್ನೊಂದು ಲೆನ್ಸಿನ ಮೇಲಿತ್ತು. ಮಳೆ ಮುಗಿಯಿತು. ಹೊಗೆಸೊಪ್ಪಿನ ಕೆಲಸವೂ ಮುಗಿಯಿತು. ಅವರು ಮತ್ತೆ ಕೇಳಲಿಲ್ಲ, ನಾನೂ ನೆನೆಯಲಿಲ್ಲ. ಮಾಗಿಯ ಒಂದು ಮುಂಜಾನೆ ಅವರು ತೀರಿಕೊಂಡರು.

ಮನೆಯವರು ಹುಡುಕಿ ಹುಡುಕಿ, ಕೊನೆಗೆ ಮತದಾರರ ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಸಾವಿರಾರು ಮುಖಗಳನ್ನು ಸ್ಪಷ್ಟವಾಗಿ ಕಂಡ ಆ ಕಣ್ಣುಗಳು ಅದರಲ್ಲಿ ಎರಡು ಕಪ್ಪು ಮಚ್ಚೆಗಳಾಗಿದ್ದವು. ಅಂದು ರಾತ್ರಿ ಚರ್ಮದ ಡಬ್ಬಿ ತೆರೆದು ಲೆನ್ಸನ್ನು ದೀಪಕ್ಕೆ ಹಿಡಿದೆ. ಒಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಚರ್ಮ ತೇವವನ್ನು ಹಿಡಿದಿಡುತ್ತದೆ, ಕತ್ತಲಲ್ಲಿ ಬೂಷ್ಟು ಬೆಳೆಯುತ್ತದೆ, ಅದು ಸ್ರವಿಸುವ ಆಮ್ಲ ಗಾಜಿನ ಲೇಪವನ್ನೇ ತಿನ್ನುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಬಳಸಿ ಎಂದು ಕೊಟ್ಟದ್ದನ್ನು ನಾನು ಕಾಪಾಡಲು ಹೋಗಿ ಕೆಡಿಸಿದ್ದೆ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ನೀವು ನೋಡಿರಬಹುದು. ಮಕ್ಕಳು, ಕೂಲಿಕಾರರು, ಬೀದಿಯ ಜನರು ಅವುಗಳಲ್ಲಿ ಜೀವಂತವಾಗಿದ್ದಾರೆ. ತಾನಾಗಿಯೇ ಫೋಕಸ್ ಆಗುವ ಎಸ್.ಎಲ್.ಆರ್. ಕ್ಯಾಮೆರಾಗಳು 1985ರ ನಂತರವೇ ವ್ಯಾಪಕವಾದವು. ಅದಕ್ಕೆ ಮುನ್ನ ಬೆರಳಿನಿಂದ ಉಂಗುರ ತಿರುಗಿಸಿ, ಎದುರಿನವರ ಕಣ್ಣು ಸ್ಪಷ್ಟವಾಗುವವರೆಗೆ ಕಾಯಬೇಕಿತ್ತು. ಆ ಕೆಲವು ಕ್ಷಣ ಒಬ್ಬ ಮನುಷ್ಯನನ್ನೇ ನೋಡುತ್ತಿರಬೇಕು. ಹಳೆಯ ಲೆನ್ಸಿನ ನಿಜವಾದ ಬೆಲೆ ಅದೇ. ಬೀರುವಿನಲ್ಲಿಟ್ಟರೆ ಆ ಬೆಲೆ ದಕ್ಕುವುದಿಲ್ಲ.

ಹನ್ನೊಂದರಲ್ಲಿ ಒಂಬತ್ತನ್ನು ಕಲಿಯುವ ಆಸಕ್ತಿಯುಳ್ಳ ಯುವಕ ಯುವತಿಯರಿಗೆ ಕೊಟ್ಟೆ. ಟಾಕುಮಾರ್ ಉಳಿದಿದೆ. ಹೀಲಿಯೋಸನ್ನು ಬಿಚ್ಚಿಸಿ ಶುಚಿ ಮಾಡಿಸಿದೆ. ಗಾಜಿನ ಅಂಚಿನಲ್ಲಿ ಬೂಷ್ಟು ಕೊರೆದ ಗೆರೆ ಮಾತ್ರ ಹೋಗಲಿಲ್ಲ. ಈಗ ಅದು ಚರ್ಮದ ಡಬ್ಬಿಯಲ್ಲಿಲ್ಲ, ಕ್ಯಾಮೆರಾದ ಮೇಲೆಯೇ ಇದೆ. ಮನೆಗಳ ಭೇಟಿಗೆ ಹೋದಾಗ ಹಿರಿಯರೊಬ್ಬರನ್ನು ಬಾಗಿಲ ಬೆಳಕಿನಲ್ಲಿ ಕೂರಿಸಿ ಒಂದು ಚಿತ್ರ ತೆಗೆಯುತ್ತೇನೆ, ಅಚ್ಚು ಹಾಕಿಸಿ ತಲುಪಿಸುತ್ತೇನೆ. ಮಬ್ಬು ಬೆಳಕಾದರೂ ಮುಂದೂಡುವುದಿಲ್ಲ.

ಓದುಗರೇ, ನಿಮ್ಮ ಅಟ್ಟದ ಮೇಲಿನ ಕ್ಯಾಮೆರಾವನ್ನು ಇಂದೇ ಇಳಿಸಿ, ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ. ಕ್ಯಾಮೆರಾ ಇಲ್ಲದಿದ್ದರೆ ಕೈಯಲ್ಲಿರುವ ಮೊಬೈಲೇ ಸಾಕು. ಮನೆಯಲ್ಲಿ ಎಲ್ಲರ ಚಿತ್ರ ತೆಗೆದು ತಾವು ಮಾತ್ರ ಯಾವ ಚಿತ್ರದಲ್ಲೂ ಇರದವರು ಯಾರು? ಅವರನ್ನು ಕರೆದು ಕೂರಿಸಿಕೊಳ್ಳಿ.