ಈಜುಕೊಳಕ್ಕೆ ಬಂದ ಏಡಿ

ಮಲೆನಾಡಲ್ಲಿ ಈಜುಕೊಳ ಎಂತಕ್ಕೆ ಮಾರಾಯ್ತಿ ಅಂತ ನೀವೆಲ್ಲ ಕೇಳೋದು ನಂಗೆ ಕೊಪ್ಪದಲ್ಲಿ ಕೂತೇ ಕೇಳಿಸ್ತಾ ಇದೆ. ನಮ್ಮ ಮಾವನೂ ಇದನ್ನೇ ಕೇಳಿದ್ರು. ಒಂದು ಕಡೆ ತುಂಗೆ, ಇನ್ನೊಂದು ಕಡೆ ಭದ್ರೆ, ಮನೆ ಹಿಂದೆ ಹಳ್ಳ, ಜೂನ್ ಬಂತೂಂದ್ರೆ ಅಂಗಳವೇ ಕೆರೆ. ಇಂಥ ಊರಲ್ಲಿ ಗುಂಡಿ ತೋಡಿ, ಟೈಲ್ಸ್ ಹಾಕಿ, ನೀರು ತುಂಬಿ, ಆ ನೀರಿಗೆ ಔಷಧಿ ಹಾಕಿ... ಅದನ್ನ ಗುಡಿಸ್ಲಿಕ್ಕೆ ಒಂದು ಮಿಷನ್ ಬೇರೆ! ಇವತ್ತು ಬರೀತಿರೋದು ಆ ಮಿಷನ್ ಬಗ್ಗೆನೇ. ನಗಬೇಡಿ, ಓದಿ.

ಮೊದಲು ಮಾವನ ಪ್ರಶ್ನೆಗೆ ಉತ್ತರ ಹೇಳಿಬಿಡ್ತೀನಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕಿನ ಅಡಿಕೆಗೆ ದಶಕಗಳಿಂದ ಹಳದಿ ಎಲೆ ರೋಗ. ಈಚೆಗೆ, 2022ರಲ್ಲಂತೂ ಜೋರಾಗಿ, ಅದರ ಮೇಲೆ ಎಲೆಚುಕ್ಕಿ ರೋಗ. ತೋಟ ನಂಬಿ ಕೂತರೆ ಆಗಲ್ಲ ಅಂತ ಎಷ್ಟೋ ಮನೆಯವರು ಹೋಂಸ್ಟೇ ಮಾಡಿದ್ರು, ನಾವೂ ಮಾಡಿದ್ವಿ. ಬೆಂಗಳೂರಿಂದ ಬರೋರು ಫೋನಲ್ಲಿ ಕೇಳೋ ಮೊದಲ ಪ್ರಶ್ನೆ "ಪೂಲ್ ಇದೆಯಾ?" ಅಂತ. ಇಲ್ಲ ಅಂದ್ರೆ ಮಕ್ಕಳನ್ನ ಕರ್ಕೊಂಡು ಸೀದಾ ಹೊಳೆಗೆ ಇಳೀತಾರೆ. ನಮ್ಮ ಹೊಳೆಯ ಕಲ್ಲಿನ ಜಾರಿಕೆ ಅವರಿಗೆ ಗೊತ್ತಿಲ್ಲ. ಮೇಲೆ ಘಟ್ಟದಲ್ಲಿ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದಾಗಲೇ ನೀರು ಏರೋದೂ ಗೊತ್ತಿಲ್ಲ. ನಾಲ್ಕೂವರೆ ಅಡಿ ನೀರಲ್ಲಿ ಅವರ ಮಕ್ಕಳು ಕಣ್ಣೆದುರಿಗೇ ಆಡ್ತಾ ಇದ್ರೆ ನಂಗೆ ರಾತ್ರಿ ನಿದ್ದೆ ಬರುತ್ತೆ. ಈ ಮಾತು ಹೇಳಿದ್ಮೇಲೆ ಮಾವ ಮತ್ತೆ ಕೇಳಲಿಲ್ಲ.

ನಮ್ಮ ಕೊಳ 30 ಅಡಿ ಉದ್ದ, 15 ಅಡಿ ಅಗಲ. ಸುಮಾರು 57 ಸಾವಿರ ಲೀಟರ್ ನೀರು ಹಿಡಿಯುತ್ತೆ. ಅದರ ಮೂರು ದಿಕ್ಕಿಗೆ ಅಡಿಕೆ, ಕಾಫಿ, ಸಿಲ್ವರ್ ಓಕ್. ಹಾಗಾಗಿ ಕೊಳಕ್ಕೆ ಏನೇನು ಬೀಳುತ್ತೆ ಅಂತ ನೀವೇ ಊಹಿಸಿ. ಸಿಲ್ವರ್ ಓಕ್ ಎಲೆ ವರ್ಷಪೂರ್ತಿ. ಸಿಂಗಾರ ಒಡೆದಾಗ ಅಕ್ಕಿ ಚೆಲ್ಲಿದ ಹಾಗೆ ಅಡಿಕೆ ಹೂವು. ಗಾಳಿ ಬಂದ್ರೆ ಸೋಗೆಗೆ ಸೋಗೆನೇ. ಮಳೆಗಾಲದಲ್ಲಿ ಕೆಮ್ಮಣ್ಣಿನ ರಾಡಿ, ಅದರ ಹಿಂದೆ ಪಾಚಿ.

ಕೊಳ ಕಟ್ಟಿದಾಗ ಹಾಕಿಸಿದ್ದು ನೀರಿನ ಒತ್ತಡದಲ್ಲಿ ಓಡೋ ಕ್ಲೀನರ್. ಅದು ಹೆಂಗೆ ಕೆಲಸ ಮಾಡುತ್ತೆ ಅಂತ ಗೊತ್ತಾದಾಗ ನಂಗೆ ಭಾರೀ ಖುಷಿಯಾಗಿತ್ತು. ಫಿಲ್ಟರಿನಿಂದ ವಾಪಸ್ ಬರೋ ನೀರನ್ನ ಮುಕ್ಕಾಲು ಎಚ್ಪಿಯ ಇನ್ನೊಂದು ಪಂಪು, ಅದಕ್ಕೆ ಬೂಸ್ಟರ್ ಅಂತಾರೆ, ಜೋರಾಗಿ ತಳ್ಳುತ್ತೆ. ಆ ನೀರು ಉದ್ದದ ಹೋಸಿನಲ್ಲಿ ಹೋಗಿ ತಳದಲ್ಲಿರೋ ಪುಟ್ಟ ಗಾಡಿಯೊಳಗಿನ ಚಕ್ರ ತಿರುಗಿಸುತ್ತೆ, ಗಾಡಿ ಓಡುತ್ತೆ. ಅದೇ ನೀರಿನ ಒಂದು ಪಾಲು ಸಣ್ಣ ತೂತಿನಲ್ಲಿ ಮೇಲ್ಮುಖವಾಗಿ ಚಿಮ್ಮುತ್ತೆ. ಆ ರಭಸಕ್ಕೆ ಕೆಳಗಿನ ನೀರು ಎಲೆ ಸಮೇತ ಎಳ್ಕೊಂಡು ಬಂದು ಮೇಲಿನ ಚೀಲಕ್ಕೆ ಬೀಳುತ್ತೆ. ಹಿಂದೆ ಒಂದು ಬಾಲ. ಅದು ಹಾವಿನ ಹಾಗೆ ಅತ್ತಿತ್ತ ಬಡೀತಾ ಮೂಲೆಯ ಧೂಳು ಎಬ್ಬಿಸುತ್ತೆ. ಒಂದು ಎಲೆಕ್ಟ್ರಿಕ್ ವೈರೂ ನೀರಿಗಿಳಿಯಲ್ಲ. ಅಡಿಕೆಗೆ ಔಷಧಿ ಹೊಡೆಯೋ ಪಂಪು ನೋಡಿ ಬೆಳೆದೋರಿಗೆ ಇದು ಅರ್ಥ ಆಗೋದು ಕಷ್ಟ ಅಲ್ಲ.

ಎಲೆ ಎತ್ತೋದ್ರಲ್ಲಿ ಅದನ್ನ ಮೀರಿಸೋದು ಇಲ್ಲ, ಇದು ಈಗಲೂ ನನ್ನ ಅಭಿಪ್ರಾಯ. ತೊಂದರೆ ಇದ್ದದ್ದು ಸಣ್ಣ ಮಣ್ಣಿನದ್ದು. ಚೀಲದ ಬಲೆಯಿಂದ ಕೆಮ್ಮಣ್ಣು ತೂರಿಕೊಂಡು ಹೊರಗೆ ಬರುತ್ತೆ, ಬಾಲ ಅದನ್ನ ಇನ್ನೂ ಕಲಕುತ್ತೆ, ಕೊನೆಗೆ ಎಲ್ಲ ಹೋಗಿ ಸೇರೋದು ಮರಳಿನ ಫಿಲ್ಟರಿಗೆ. ಫಿಲ್ಟರ್ ಕಟ್ಟಿಕೊಂಡ್ರೆ ನೀರನ್ನ ತಿರುಗಾಮುರುಗಾ ಹಾಯಿಸಿ ತೊಳೀಬೇಕು, ಬ್ಯಾಕ್‌ವಾಶ್ ಅಂತಾರಲ್ಲ ಅದು. ನಮ್ಮ ಪಂಪಿಗೆ ನಿಮಿಷಕ್ಕೆ ಸುಮಾರು 200 ಲೀಟರ್. ಮೂರೂವರೆ ನಿಮಿಷ ತೊಳೆದರೆ 700 ಲೀಟರ್ ಹೊರಗೆ.

ಜುಲೈನಲ್ಲಿ ಯಾರು ಲೆಕ್ಕ ಇಡ್ತಾರೆ ಹೇಳಿ? ಆದ್ರೆ ಏಪ್ರಿಲ್‌ನಲ್ಲಿ ಹಳ್ಳ ಬಳ್ಳಿಯಷ್ಟು ಸಣ್ಣ ಆಗುತ್ತೆ. ಆಗಲೇ ಶಾಲೆಗೆ ರಜೆ, ಆಗಲೇ ಕೊಳದಲ್ಲಿ ಜನ, ಆಗಲೇ ರಸ್ತೆಯ ಧೂಳು. ಎರಡು ದಿನಕ್ಕೊಮ್ಮೆ ತೊಳೆದರೆ ತಿಂಗಳಿಗೆ ಹತ್ತು ಸಾವಿರದ ಐನೂರು ಲೀಟರ್. ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ಒಂದು ಸಲಕ್ಕೆ 175 ಲೀಟರ್ ನೀರು ಅಂತ ಕೃಷಿ ವಿಜ್ಞಾನಿಗಳ ಶಿಫಾರಸು. ಅಂದ್ರೆ 60 ಮರ ಒಂದು ಸಲ ಕುಡಿಯೋ ನೀರು ಫಿಲ್ಟರ್ ತೊಳೆಯೋದಕ್ಕೇ ಹೋಗ್ತಾ ಇತ್ತು. ನಮ್ಮ ಕೆಳಗಿನ ತೋಟದವರೂ ಇದೇ ಹಳ್ಳ ನಂಬಿದೋರು. ಅವರು ಬಾಯಿಬಿಟ್ಟು ಏನೂ ಅಂದೋರಲ್ಲ. ಆದ್ರೆ ಸಂಜೆ ಹೊತ್ತು ಹಳ್ಳದ ಹತ್ರ ಬಂದು ಸುಮ್ಮನೆ ನಿಂತು ನೋಡಿ ಹೋಗೋರು. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು ಅನ್ನಿಸೋದು.

ಹಿಂಗಿರುವಾಗ ಒಂದು ಮದುವೆ ಊಟದಲ್ಲಿ ಎನ್.ಆರ್.ಪುರದ ಭಾವ ಸಿಕ್ಕಿದ್ರು. ಅವರದ್ದು ಭದ್ರಾ ಹಿನ್ನೀರಿನ ದಂಡೆ ಮೇಲೆ ಮನೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಬಯಲಾದಾಗ ಅಲ್ಲಿಂದ ಧೂಳು ಎದ್ದು ಸೀದಾ ಅವರ ಕೊಳಕ್ಕೆ. ಅವರು ರೋಬೋ ತಂದು ಒಂದು ವರ್ಷ ಆಗಿತ್ತು. "ಫಿಲ್ಟರ್ ತೊಳೆಯೋದೇ ಮರ್ತು ಹೋಗಿದೆ ಮಾರಾಯ್ತಿ" ಅಂದ್ರು. ಶೃಂಗೇರಿಯಲ್ಲಿರೋ ನನ್ನ ಗೆಳತಿ ಮಾತ್ರ, "ನಂಗೆ ಹಳೇದೇ ಸಾಕು, ನಮ್ಮಲ್ಲಿ ಎಲೆ ಜಾಸ್ತಿ" ಅಂದ್ಲು. ಇಬ್ಬರದ್ದೂ ಸರಿ. ಶೃಂಗೇರಿಯಿಂದ ಪೂರ್ವಕ್ಕೆ ಎನ್.ಆರ್.ಪುರದ ಕಡೆ ಬರ್ತಾ ಬರ್ತಾ ಮಳೆ ಕಮ್ಮಿ ಆಗುತ್ತೆ, ಕಾಡಿನ ಎಲೆ ಕಮ್ಮಿ ಆಗಿ ಬಯಲ ಧೂಳು ಜಾಸ್ತಿ ಆಗುತ್ತೆ. ಕೊಪ್ಪ ಮಧ್ಯದಲ್ಲಿ, ನಮಗೆ ಎರಡೂ ಉಂಟು!

2023ರ ದೀಪಾವಳಿ ಕಳೆದ ಮೇಲೆ ನಮ್ಮಲ್ಲೂ ರೋಬೋ ಬಂತು. ಇಂಥವು ಹೊಸದೇನಲ್ಲ. ಡಾಲ್ಫಿನ್ ಅನ್ನೋ ಹೆಸರಲ್ಲಿ ಇವನ್ನ ಮಾಡೋ ಮೇಟ್ರಾನಿಕ್ಸ್ ಕಂಪನಿ ಇಸ್ರೇಲಿನ ಒಂದು ಕಿಬ್ಬುಟ್ಜ್‌ನಲ್ಲಿ, ಅಂದ್ರೆ ಸಾಮೂಹಿಕ ಕೃಷಿ ಹಳ್ಳಿಯಲ್ಲಿ, 1983ರಲ್ಲೇ ಶುರುವಾಗಿದ್ದು. ರೈತರ ಹಳ್ಳಿಯಿಂದ ಬಂದ ಮಿಷನ್ ಅಂತ ಗೊತ್ತಾದ್ಮೇಲೆ ನಮ್ಮ ಮಾವನಿಗೂ ಅದರ ಮೇಲೆ ಸ್ವಲ್ಪ ಗೌರವ ಬಂತು.

ಇದಕ್ಕೆ ಹೋಸೂ ಇಲ್ಲ, ಬೂಸ್ಟರೂ ಇಲ್ಲ. ದಂಡೆಯಿಂದ ದೂರ ಇಟ್ಟ ಪೆಟ್ಟಿಗೆಯೊಂದು ಮನೆ ಕರೆಂಟನ್ನ 30 ವೋಲ್ಟಿಗಿಂತ ಕೆಳಗೆ ಇಳಿಸಿ ಕೊಡುತ್ತೆ. 18 ಮೀಟರ್ ಕೇಬಲ್ಲು. ಒಳಗೆ ಓಡ್ಲಿಕ್ಕೆ ಒಂದು ಮೋಟರು, ನೀರು ಎಳೀಲಿಕ್ಕೆ ಒಂದು. ಬ್ರಷ್ಷಿನಲ್ಲಿ ಉಜ್ಜುತ್ತೆ, ಹೊಟ್ಟೆ ಕೆಳಗಿಂದ ನೀರು ಎಳ್ಕೊಂಡು, ಒಳಗಿನ ಸಣ್ಣ ಬಲೆಯಲ್ಲಿ ಸೋಸಿ, ಬೆನ್ನ ಮೇಲಿಂದ ಬಿಡುತ್ತೆ. ಗೋಡೆ ಹತ್ತುತ್ತೆ. ಮಣ್ಣು ಅದರ ಹೊಟ್ಟೆಯಲ್ಲೇ ಉಳಿಯೋದ್ರಿಂದ ಮರಳಿನ ಫಿಲ್ಟರಿಗೆ ಹೊರೆ ಇಲ್ಲ. ಈಗ ಬೇಸಿಗೆಯಲ್ಲಿ ಬ್ಯಾಕ್‌ವಾಶ್ ಹತ್ತು ದಿನಕ್ಕೊಮ್ಮೆ. ತಿಂಗಳಿಗೆ ಎಂಟು ಸಾವಿರದ ನಾನೂರು ಲೀಟರ್ ಹಳ್ಳದಲ್ಲೇ ಉಳೀತು. ಕೆಳಗಿನ ತೋಟದ 48 ಮರಕ್ಕೆ ಒಂದು ಸಲದ ನೀರು!

ಕರೆಂಟಿನ ಲೆಕ್ಕನೂ ಹೇಳ್ತೀನಿ, ಸುಳ್ಳು ಆಸೆ ಹುಟ್ಟಿಸದೆ. ಮುಖ್ಯ ಪಂಪು ಮೊದಲಿನ ಹಾಗೇ ಓಡ್ಲೇಬೇಕು, ಇಲ್ಲಾಂದ್ರೆ ಕ್ಲೋರಿನ್ ಎಲ್ಲ ಕಡೆ ಬೆರೆಯಲ್ಲ. ಉಳಿಯೋದು ಬೂಸ್ಟರಿನದ್ದು ಮಾತ್ರ. ಅದು ಗಂಟೆಗೆ ಸುಮಾರು ಒಂದು ಯೂನಿಟ್, ದಿನಕ್ಕೆ ಮೂರು ಗಂಟೆ ಓಡ್ತಿತ್ತು. ರೋಬೋಗೆ ಎರಡು ಗಂಟೆಗೆ ಅರ್ಧ ಯೂನಿಟ್ಟೂ ಬೇಡ. ಅದಕ್ಕಿಂತ ದೊಡ್ಡ ಲಾಭ ಏನು ಗೊತ್ತಾ? ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗಲೂ ಇದು ಮನೆಯ ಇನ್ವರ್ಟರಿನಲ್ಲೇ ಓಡುತ್ತೆ. ಬೂಸ್ಟರನ್ನ ಇನ್ವರ್ಟರಿಗೆ ಹಾಕೋ ಮಾತೇ ಇರಲಿಲ್ಲ.

ಇನ್ನು ತೊಂದರೆಗಳು. ಕೇಬಲ್ಲು ಗಂಟು ಹಾಕ್ಕೊಳ್ಳುತ್ತೆ, ವಾರಕ್ಕೊಮ್ಮೆ ಬಿಸಿಲಲ್ಲಿ ಉದ್ದಕ್ಕೆ ಹಾಸಿ ನೇರ ಮಾಡ್ಬೇಕು. ಉದ್ದನೆ ಎಲೆಯೋ ಸೋಗೆಯ ಚೂರೋ ಅಡ್ಡ ಸಿಕ್ಕಿಕೊಂಡ್ರೆ ಬಾಯಿ ಕಟ್ಟಿ ನಿಲ್ಲುತ್ತೆ. ಹಾಗಾಗಿ ಮೊದಲು ಕೋಲಿನ ಬಲೆಯಲ್ಲಿ ದೊಡ್ಡ ಕಸ ಎತ್ತಿಯೇ ಇಳಿಸ್ಬೇಕು. ಪ್ರತಿ ಸಲ ಹೊಟ್ಟೆ ಬಿಚ್ಚಿ ತೊಳೀಬೇಕು. ಕೆಲಸ ಮುಗಿದ ಮೇಲೆ ನೀರಲ್ಲೋ ಬಿಸಿಲಲ್ಲೋ ಬಿಡೋ ಹಾಗಿಲ್ಲ, ನೆರಳಲ್ಲಿ ಇಡ್ಬೇಕು. ಅದು ಕೊಳದಲ್ಲಿ ಇರುವಾಗ ಯಾರೂ ಇಳಿಯೋ ಹಾಗಿಲ್ಲ. ಬೂಸ್ಟರ್ ಸುಟ್ಟರೆ ಪೇಟೆಯಲ್ಲೇ ಕಾಯಿಲ್ ಕಟ್ಟಿಸಿಕೊಂಡು ಬರಬಹುದಿತ್ತು. ಇದರ ಒಳಗಿನದ್ದು ಕೆಟ್ಟರೆ ದೊಡ್ಡ ಊರಿಗೆ ಕಳಿಸಿ ಕಾಯಬೇಕು. ಇದನ್ನ ಯೋಚನೆ ಮಾಡದೆ ಯಾರೂ ತಗೋಬೇಡಿ.

ಇನ್ನೊಂದು. ರೋಬೋ ಕಸ ತೆಗೆಯುತ್ತೆ, ನೀರಿನ ಗುಣ ನೋಡಲ್ಲ. ಮಳೆನೀರು ತನ್ನಷ್ಟಕ್ಕೇ ಸ್ವಲ್ಪ ಹುಳಿ, ಪಿಎಚ್ 5.6ರ ಹತ್ರ. ನಮ್ಮ ಮಳೆ ಒಂದು ವಾರ ಹೊಡೆದರೆ ಕ್ಲೋರಿನ್ನೂ ಇಳಿಯುತ್ತೆ, ಪಿಎಚ್ಚೂ ಇಳಿಯುತ್ತೆ. ಪಿಎಚ್ 7.2ರಿಂದ 7.6ರ ಒಳಗೆ ಇರೋ ಹಾಗೆ ನಾವೇ ನೋಡ್ಕೋಬೇಕು. ಪಾಚಿ ಬಂದಾಗ "ಅಟ್ಟದಲ್ಲಿ ಮೈಲುತುತ್ತ ಉಂಟಲ್ಲ, ಒಂದು ಮುಷ್ಟಿ ಹಾಕಿ" ಅಂತ ಸಲಹೆ ಕೊಡೋರು ಇಲ್ಲಿ ಮನೆಗೊಬ್ರು. ಬೋರ್ಡೋ ದ್ರಾವಣಕ್ಕೆ ತಂದದ್ದು ಎಲ್ಲರ ಅಟ್ಟದಲ್ಲೂ ಇರುತ್ತೆ ನೋಡಿ! ಅದು ಪಾಚಿ ಕೊಲ್ಲೋದು ನಿಜ. ಆದ್ರೆ ಅದರಲ್ಲಿರೋ ತಾಮ್ರ ಕೊಳದ ಗೋಡೆಗೆ ಕಲೆ ಹಿಡಿಸುತ್ತೆ, ತೊಳೆದ ನೀರು ಹಳ್ಳಕ್ಕೆ ಹೋದ್ರೆ ಮೀನಿಗೆ ವಿಷ. ನಮ್ಮ ಹಳ್ಳ ಹೋಗಿ ಸೇರೋದು ತುಂಗೆಗೆ. ಶೃಂಗೇರಿಯ ಮಠದ ಮೆಟ್ಟಿಲಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿದು ಬರೋ ನಾವು, ಅದೇ ಹೊಳೆಯ ಮೀನಿಗೆ ಇಲ್ಲಿಂದ ಮೈಲುತುತ್ತ ಕಳಿಸೋದಾ? ಆಗಲ್ಲಪ್ಪ.

ಈಗ ನಿಜವಾಗಿ ಹೇಳಬೇಕು ಅಂತಿದ್ದ ವಿಷಯ. ನಮ್ಮ ಕೊಳ ನೋಡಿಕೊಳ್ಳೋ ಅಜ್ಜ ಒಬ್ರು ಇದ್ದಾರೆ. ಒಂದು ಕಾಲದಲ್ಲಿ ಈ ಸುತ್ತಿನಲ್ಲೇ ಹೆಸರುವಾಸಿ ಕೊನೆಗಾರ. ಮರದಿಂದ ಮರಕ್ಕೆ ಹಾಗೇ ಬಾಗಿ ಹಿಡ್ಕೊಂಡು ಹೋಗ್ತಿದ್ದೋರು. ಮಂಡಿ ಸೋತ ಮೇಲೆ ಮರ ಬಿಟ್ರು, ಆಗ ಈ ಕೊಳದ ಕೆಲಸ ಅವರದ್ದಾಯ್ತು. ಹೋಸ್ ಜೋಡಿಸೋದು, ಚೀಲ ಕೊಡವಿ ಗೊಬ್ಬರದ ಗುಂಡಿಗೆ ಹಾಕೋದು, ಬಾಲ ಸವೆದಿದ್ಯಾ ನೋಡೋದು. ರೋಬೋ ಬಂದ ದಿನ ಅವರು ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತು ಎರಡು ಗಂಟೆ ಅದನ್ನೇ ನೋಡಿದ್ರು. ಆಮೇಲೆ, "ಹಂಗಾರೆ ನಾಳಿಂದ ನಾ ಬರೋದು ಬ್ಯಾಡ್ವಾ ಅಮ್ಮಾ?" ಅಂದ್ರು. ಸಿಟ್ಟಿಲ್ಲ, ಅಳು ಇಲ್ಲ. ಕೂಲಿ ದಿನ ಕೇಳೋ ಹಾಗೆ ಕೇಳಿದ್ರು.

"ಇದನ್ನ ಇಳಿಸೋರು ಯಾರು, ಎತ್ತೋರು ಯಾರು ಅಜ್ಜ? ನೀವು ಬರದೆ ಇದ್ರೆ ಇದು ಇಲ್ಲೇ ಕೂತಿರ್ತದೆ" ಅಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಸುಮಾರು ಹತ್ತು ಕೇಜಿ ಭಾರ, ನೀರು ಬಸಿಯೋವರೆಗೂ ಇನ್ನೂ ಜಾಸ್ತಿ. ಮಂಡಿ ನೋವಿನೋರಿಗೆ ಇದು ಕಷ್ಟ ಅಂತ ಇವರು ದಂಡೆಗೆ ಒಂದು ರಾಟೆ ಕಟ್ಟಿಸಿಕೊಟ್ರು, ಬಾವಿ ರಾಟೆಯ ಹಾಗೇ. ಕೂಲಿ ಒಂದು ರೂಪಾಯಿ ಇಳಿಸಲಿಲ್ಲ. ಉಳಿದ ಹೊತ್ತಲ್ಲಿ ನೀರಿನ ಪರೀಕ್ಷೆ ಕಲಿತ್ರು. ಓದು ಬರಹ ಇಲ್ಲ, ಆದ್ರೆ ಬಣ್ಣ ನೋಡಿ, "ಇವತ್ತು ಹಳದಿ ಕಮ್ಮಿ ಅದೆ ಅಮ್ಮಾ" ಅಂತಾರೆ. ಕ್ಲೋರಿನ್ ಇಳಿದಿದೆ ಅಂತ ಅರ್ಥ. ಹುಣ್ಣಿಮೆ ಅಮಾವಾಸ್ಯೆಯಷ್ಟೇ ಸಲೀಸು ಅವರಿಗೆ ಅದು.

ಮಿಷನ್ನಿಗೆ ಹೆಸರಿಟ್ಟಿದ್ದೂ ಅವರೇ. ಕಂಪನಿಯೋರು ಇಟ್ಟಿದ್ದನ್ನ ಯಾರೂ ಕರೆಯಲ್ಲ, ನಮ್ಮನೇಲಿ ಅದು "ಏಡಿ". ಅಡ್ಡಡ್ಡ ಹೋಗುತ್ತೆ, ಗೋಡೆ ಹತ್ತುತ್ತೆ, ಸಿಕ್ಕಿದ್ದನ್ನ ಒಳಗೆ ಎಳ್ಕೊಳ್ಳುತ್ತೆ. ಮಕ್ಕಳಂತೂ ಬಂದ ತಕ್ಷಣ "ಏಡಿ ಎದ್ದಿದ್ಯಾ ಅಜ್ಜ?" ಅಂತ ಅವರ ಹಿಂದೆ.

ಮಿಷನ್ನಿಗೆ ತಿಳೀದೇ ಇರೋದೂ ಅವರಿಗೆ ತಿಳಿಯುತ್ತೆ. ಮಳೆಗಾಲದಲ್ಲಿ ರಾತ್ರಿ ಕಪ್ಪೆಗಳು ಕೊಳಕ್ಕೆ ಬೀಳ್ತಾವೆ. ಟೈಲ್ಸಿನ ಗೋಡೆ ಹತ್ತಲಾರದೆ ಸುತ್ತು ಹೊಡೆದು ಸಾಯ್ತಾವೆ. ಹಳೇ ಚೀಲದಲ್ಲೂ ಸತ್ತ ಕಪ್ಪೆ ಸಿಗೋದು, ಏಡಿಯ ಬಾಯಿಗೂ ಅದು ಬರೀ ಕಸ. ಅಜ್ಜ ಸಂಜೆ ಹೋಗುವಾಗ ನಾಲ್ಕು ಮೂಲೆಗೂ ಒಂದೊಂದು ಅಡಿಕೆ ಹಾಳೆ ಇಳಿಬಿಟ್ಟು, ತುದಿಗೆ ಕಲ್ಲು ಹೇರಿ ಹೋಗ್ತಾರೆ. ಕಪ್ಪೆಗಳು ಆ ಹಾಳೆ ಹತ್ತಿ ಹೊರಗೆ ಹೋಗ್ತಾವೆ. ಬೆಳಗ್ಗೆ ಬಂದು ಹಾಳೆ ಎತ್ತಿ, ಕೊಳದ ಸುತ್ತ ಒಂದು ಸುತ್ತು ನೋಡಿಯೇ ಏಡಿ ಇಳಿಸೋದು. ಇದನ್ನ ನಾವ್ಯಾರೂ ಹೇಳಿಕೊಟ್ಟಿದ್ದಲ್ಲ.

ಹಳೇ ಬೂಸ್ಟರ್ ಪಂಪನ್ನ ಬಿಚ್ಚಿ ಪಂಪ್ ಹೌಸಿನಲ್ಲಿ ಇಟ್ಟಿದ್ದೀವಿ. ದನದ ಕೊಟ್ಟಿಗೆ ತೊಳೀಲಿಕ್ಕೆ ಹಾಕಬಹುದಾ ಅಂತ ಇವರು ಯೋಚನೆಯಲ್ಲಿದ್ದಾರೆ, ಅಜ್ಜ ಆಗಲೇ ಹೋಸ್ ಅಳತೆ ತೆಗೆದಿದ್ದಾರೆ. ನಿಮ್ಮಲ್ಲಿ ಯಾರಾದ್ರೂ ಹಾಗೆ ಮಾಡಿದ್ರೆ ಒಂದು ಸಾಲು ಬರೆದು ಹೋಗಿ. ಮತ್ತೆ ಈ ಕಡೆ ಬಂದ್ರೆ ಖಂಡಿತ ಮನೆಗೆ ಬನ್ನಿ. ಈಜು ಬರದಿದ್ರೂ ಪರವಾಗಿಲ್ಲ, ಏಡಿ ತೋರಿಸ್ತೀವಿ :-)